ಆಟದ ಗೆಳೆತನ ಮತ್ತು ಉಪಗೂಹನ

ಮಲಪ್ರಭೆಯ ದಡದ ಶಿವಯೋಗ ಮಂದಿರವನ್ನು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ವೀರಶೈವ ವಟುಗಳು ಅಲ್ಲಿ ಒಟ್ಟಿಗೆ ವಾಸಿಸಿ ಕಲಿಯುತ್ತಾರೆ. ಸಹವಾಸವೇ ಅವರನ್ನು ಬೆಸೆಯುತ್ತದೆ. ಸುತ್ತಲಿನ ಬಾದಾಮಿ, ಹುನಗುಂದ ಸೀಮೆಯಲ್ಲಿ ಹೊಲದ ಕೆಲಸ ಮುಗಿಸಿ ಸಂಜೆ ಕಬಡ್ಡಿಗೆ ಕೂಡುವ ತರುಣರಿಗೆ ಅಂಥ ಅನುಕೂಲವಿಲ್ಲ. ಒಂದು ಗಂಟೆಯ ಆಟದಲ್ಲಿ ಹುಟ್ಟಿದ ಸ್ನೇಹವು ಒಂದು ಸೋಲಿಗೆ ಮುರಿಯದೆ ಉಳಿಯುವುದು ಹೇಗೆ?

ಕಬಡ್ಡಿಯ ನಿಯಮದಲ್ಲಿಯೇ ಒಂದು ಸೊಗಸುಂಟು. ಔಟಾಗಿ ಹೊರಗೆ ಕುಳಿತವನು ಸ್ವಂತ ಬಲದಿಂದ ಅಂಕಣಕ್ಕೆ ಮರಳಲಾರ. ಸಂಗಡಿಗರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಇವನಿಗೆ ಮರುಪ್ರವೇಶ; ಅದೂ ಔಟಾದ ಸರದಿಯಂತೆ. ಮಹಾವೀರ ನಿರ್ವಾಣದ 2500ನೆಯ ವರ್ಷದ ಸಂದರ್ಭದಲ್ಲಿ, 1974-75ರಲ್ಲಿ, ಜೈನ ಲಾಂಛನದ ಕೆಳಗೆ ಸೇರಿದ ತತ್ತ್ವಾರ್ಥಸೂತ್ರದ ಮಾತು ಜೀವಗಳ ಪರಸ್ಪರ ಉಪಕಾರವನ್ನೇ ಕುರಿತದ್ದು.

ಅದೇ ಗ್ರಂಥದ ಏಳನೆಯ ಅಧ್ಯಾಯವು ಮೈತ್ರಿಯೊಡನೆ ಪ್ರಮೋದವನ್ನೂ ಹೇಳುತ್ತದೆ: ಗುಣದಲ್ಲಿ ತನಗಿಂತ ಮಿಗಿಲಾದವನನ್ನು ಕಂಡು ಹರ್ಷಿಸುವುದು. ಸೋತವನಿಗೆ ಮರುಗುವುದು ಸುಲಭ. ತನ್ನ ಸ್ಥಾನವನ್ನು ಪಡೆದ ಕಿರಿಯನ ಆಟವನ್ನು ಹೊರಗೆ ಕುಳಿತು ನಲಿದು ನೋಡುವುದು ಕಠಿಣ. ಅಲ್ಲಿ ಮಾನಕಷಾಯವು ಅಡ್ಡ ಬರುತ್ತದೆ. ಬಹುತೇಕ ತಂಡಗಳು ಒಳಗಿನಿಂದ ಒಡೆಯುವುದು ಇಲ್ಲಿಯೇ.

ಇನ್ನು ಉಪಗೂಹನದ ಪ್ರಶ್ನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದಾದ ಇದು ಸಹಧರ್ಮಿಯ ದೋಷವನ್ನು ಬಯಲಿಗೆಳೆಯದಿರುವ ಗುಣ. ಕೊನೆಯ ದಾಳಿಯಲ್ಲಿ ಎಡವಿದವನ ಹೆಸರನ್ನು ಊರ ಕಟ್ಟೆಯ ಮೇಲೆ ಎತ್ತದಿರುವುದು ಉಪಗೂಹನವೇ ಸರಿ. ಆದರೆ ಎದುರಾಳಿಯ ಕೈ ತಗುಲಿದ್ದನ್ನು ಅಂಪೈರ್ ಕಾಣಲಿಲ್ಲ, ಸಂಗಡಿಗನು ಕಂಡನು ಎನ್ನೋಣ. ಆಗ ಸುಮ್ಮನಿರುವುದು ಉಪಗೂಹನವೆನಿಸದು, ಮಾಯಾಕಷಾಯವೆನಿಸುತ್ತದೆ. ದೌರ್ಬಲ್ಯವನ್ನು ಮುಚ್ಚುವುದರಿಂದ ಯಾರಿಗೂ ನಷ್ಟವಿಲ್ಲ. ವಂಚನೆಯನ್ನು ಮುಚ್ಚಿದರೆ ಎದುರು ತಂಡದ ಏಳು ಜನರಿಗೆ ಅನ್ಯಾಯ. ಇಲ್ಲಿ ಬೇಕಾದುದು ಸ್ಥಿತಿಕರಣ, ಜಾರಿದವನನ್ನು ಮತ್ತೆ ನೆಲೆಗೊಳಿಸುವುದು. "ನೀನೇ ಕೈ ಎತ್ತಿ ಹೇಳು, ನಾವು ನಿನ್ನ ಜೊತೆಗಿದ್ದೇವೆ" ಎಂದು ಮೆಲ್ಲನೆ ನುಡಿಯುವವನು ಗೆಳೆಯ. ಪಂದ್ಯ ಹೋಗಬಹುದು; ಹಾಗೆ ಹೋದರೆ ಹೋಗಲಿ.

ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಳ್ಳಿಗಳು ಹಬ್ಬಿದ ಬಾಹುಬಲಿಯ ಶಿಲ್ಪವಿದೆ. ಸೈನ್ಯಗಳು ಸಾಯಬಾರದೆಂದು ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲ ಯುದ್ಧಗಳಿಗೆ ಒಪ್ಪಿದ್ದರು. ಮೂರರಲ್ಲಿಯೂ ಸೋತ ಭರತನು ಒಪ್ಪಂದ ಮೀರಿ ಚಕ್ರವನ್ನು ಪ್ರಯೋಗಿಸಿದನು. ಗೆದ್ದವನು ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತನು. ಆದರೂ ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಎಳೆಯೊಂದು ಅವನ ಮನದಲ್ಲಿ ಉಳಿದಿತ್ತೆಂದು ಜಿನಸೇನರ ಆದಿಪುರಾಣ ಹೇಳುತ್ತದೆ. ಭರತನು ತಾನೇ ಬಂದು ಪೂಜಿಸಿದಾಗ ಆ ಎಳೆ ಕಳಚಿತು.