ನೋಡುವ ಅಧಿಕಾರ

ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದರು. ಆ ವಿಭಾಗವು ಕಾವ್ಯಕ್ಕೆ ಸಂಬಂಧಪಟ್ಟುದೇ ಹೊರತು ಜನರಿಗೆ ಸಂಬಂಧಪಟ್ಟುದಲ್ಲ. ಭರತಮುನಿಯಂತೂ ನಾಟ್ಯವನ್ನು ಸಾರ್ವವರ್ಣಿಕವೆಂದೇ ಕರೆದನು. ಸ್ವಾತಂತ್ರ್ಯ, ಸಮಾನತೆ ಎಂಬ ಮಾತುಗಳನ್ನು ತನ್ನ ಸರ್ಕಾರಿ ಕಟ್ಟಡಗಳ ಮೇಲೆ ಕೆತ್ತಿಸಿಕೊಂಡಿರುವ ಫ್ರಾನ್ಸ್ ದೇಶವು ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಚಲಚ್ಚಿತ್ರಗಳ ವಿಷಯವಾಗಿ ಮಾಡಿದ ವಿಭಾಗವು ಬೇರೆಯ ಬಗೆಯದು. ನೋಡತಕ್ಕ ವಸ್ತುವು ಎಂತಹುದು ಎಂಬುದಕ್ಕಿಂತ ನೋಡುವವರು ಯಾರು, ಎಷ್ಟು ಮಂದಿ ಎಂಬುದೇ ಅಲ್ಲಿ ಮುಖ್ಯವಾಯಿತು. ನೋಡುವುದಕ್ಕೂ ಅಧಿಕಾರವೆಂಬುದೊಂದುಂಟೆ? ಉಂಟಾದರೆ ಅದನ್ನು ನಿರ್ಣಯಿಸತಕ್ಕವರು ಯಾರು? ಈ ಪ್ರಶ್ನೆಗೆ ಆ ದೇಶದ ಚರಿತ್ರೆಯು ಒಳ್ಳೆಯ ಉದಾಹರಣೆಯಾಗಿದೆ.

ಫ್ರಾನ್ಸಿನಲ್ಲಿ ನಾಟಕಗಳ ಪೂರ್ವಪರಿಶೋಧನೆಯು 1906ರಲ್ಲಿ ನಿಂತುಹೋಯಿತು. ಅದು ಅನ್ಯಾಯವೆಂದು ಸಿದ್ಧಾಂತಮಾಡಿ ಯಾರೂ ಅದನ್ನು ತೆಗೆದುಹಾಕಲಿಲ್ಲ. ಪರಿಶೋಧಕರ ಸಂಬಳಕ್ಕೆ ಶಾಸನಸಭೆಯು ಹಣ ಮಂಜೂರು ಮಾಡಲಿಲ್ಲ, ಅಷ್ಟೆ. ಸಂಬಳವಿಲ್ಲದೆ ಧರ್ಮರಕ್ಷಣೆಗೆ ನಿಲ್ಲುವವರು ಅಲ್ಲಿಯೂ ದೊರೆಯಲಿಲ್ಲವೆಂದು ಕಾಣುತ್ತದೆ. ಆದರೆ ಹೊಸದಾಗಿ ಹುಟ್ಟಿದ ಚಲಚ್ಚಿತ್ರಕ್ಕೆ ಈ ಬಿಡುಗಡೆಯ ಫಲ ಸಿಕ್ಕಲಿಲ್ಲ. 1864ರ ಒಂದು ರಾಜಾಜ್ಞೆಯು ನಾಟಕಶಾಲೆಗಳನ್ನು ಒಂದು ಕಡೆಗೂ, ಸೂತ್ರದ ಗೊಂಬೆಯಾಟ ಮೊದಲಾದ ‘ಕುತೂಹಲದ ಪ್ರದರ್ಶನ’ಗಳನ್ನು ಇನ್ನೊಂದು ಕಡೆಗೂ ಇಟ್ಟಿತ್ತು. ಚಲಚ್ಚಿತ್ರವು ಈ ಎರಡನೆಯ ಗುಂಪಿಗೆ ಸೇರಿತು. ಅದರ ಮೇಲೆ ಆಯಾ ಊರಿನ ಮೇಯರನಿಗೆ 1790ರ ಶಾಸನದಿಂದ ಬಂದ ಅಧಿಕಾರವು ಹಾಗೆಯೇ ಉಳಿಯಿತು. ರಂಗದ ಮೇಲೆ ಒಬ್ಬ ನಟನು ಆಡಿದ ಮಾತಿಗೆ ತಡೆಯಿಲ್ಲ. ಅದೇ ನಟನು ಅದೇ ಪಾತ್ರವನ್ನು ಚಿತ್ರದಲ್ಲಿ ಆಡಿದರೆ ಅಪ್ಪಣೆ ಬೇಕು.

ಈ ವಿವೇಚನೆಯು ಎಲ್ಲಿಯವರೆಗೆ ಹೋಯಿತೆಂಬುದನ್ನು 1909ರ ಜನವರಿಯ ಸಂಗತಿಯಿಂದ ತಿಳಿಯಬಹುದು. ಬೆತ್ಯೂನ್ ಎಂಬ ಪಟ್ಟಣದಲ್ಲಿ ನಾಲ್ವರು ಅಪರಾಧಿಗಳ ಶಿರಚ್ಛೇದವು ಬಹಿರಂಗವಾಗಿ ನಡೆಯಿತು. ಅದರ ಚಿತ್ರಗಳನ್ನು ತೋರಿಸಕೂಡದೆಂದು ಒಳಾಡಳಿತದ ಮಂತ್ರಿಶಾಖೆಯು ಕೂಡಲೇ ಸುತ್ತೋಲೆ ಹೊರಡಿಸಿತು. ಚಿತ್ರವನ್ನು ತಡೆದುದು ತಪ್ಪೆಂದು ಹೇಳಲಾಗದು. ಆದರೆ ಶಿರಚ್ಛೇದವು ಮಾತ್ರ ಮುಂದೆ ಮೂವತ್ತು ವರ್ಷಗಳ ಕಾಲ, 1939ರವರೆಗೆ, ಬಯಲಿನಲ್ಲಿಯೇ ನಡೆಯುತ್ತಿತ್ತು. ಪ್ರತ್ಯಕ್ಷವು ಕಣ್ಣಿಗೆ ಕೇಡಲ್ಲ, ಪ್ರತಿಬಿಂಬವು ಕೇಡು ಎಂಬ ಈ ನ್ಯಾಯವು ಯಾವ ತರ್ಕಶಾಸ್ತ್ರಕ್ಕೆ ಒಗ್ಗುವುದೋ ತಿಳಿಯದು.

ಮೊದಲನೆಯ ಮಹಾಯುದ್ಧದ ಬಳಿಕ, 1919ರ ಜುಲೈ 25ರ ಆಜ್ಞೆಯಂತೆ, ವಿದ್ಯಾಭ್ಯಾಸ ಮತ್ತು ಲಲಿತಕಲೆಗಳ ಮಂತ್ರಿಯ ‘ವೀಸಾ’ ಎಂಬ ಅನುಮತಿಪತ್ರವಿಲ್ಲದೆ ಯಾವ ಚಿತ್ರವನ್ನೂ ಸಾರ್ವಜನಿಕವಾಗಿ ತೋರಿಸಕೂಡದೆಂದಾಯಿತು. ಅನುಮತಿ ದೊರೆತ ಮೇಲೆಯೂ ಮೇಯರುಗಳ ನಿಷೇಧಾಧಿಕಾರವು ಹೋಗಲಿಲ್ಲ. ದೊಡ್ಡ ಬಾಗಿಲಿಗೆ ಒಬ್ಬ ಕಾವಲುಗಾರ, ಒಳಬಾಗಿಲಿಗೆ ಇನ್ನೊಬ್ಬ; ಒಬ್ಬನ ಮಾತು ಇನ್ನೊಬ್ಬನಿಗೆ ಪ್ರಮಾಣವಲ್ಲ.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಪುಸ್ತಕವನ್ನು ಓದುವವನು ಪ್ರಯತ್ನಪಟ್ಟು ಓದುತ್ತಾನೆ, ಬೇಡವೆಂದಾಗ ಮುಚ್ಚುತ್ತಾನೆ. ಚಿತ್ರವಾದರೋ ಕತ್ತಲೆಯಲ್ಲಿ ಕುಳಿತವನೊಳಗೆ ಅವನ ಪ್ರಯತ್ನವಿಲ್ಲದೆಯೇ ಹೊಕ್ಕುಬಿಡುತ್ತದೆ. ಅಕ್ಷರವು ವಿದ್ಯಾವಂತರನ್ನು ಮಾತ್ರ ಮುಟ್ಟುತ್ತದೆ. ಚಿತ್ರವು ಮಗುವನ್ನೂ ನಿರಕ್ಷರನನ್ನೂ ಮುಟ್ಟುತ್ತದೆ. ಔಷಧವು ಒಂದೇ ಆದರೂ ವೈದ್ಯನು ಬಾಲಕನಿಗೂ ಯುವಕನಿಗೂ ಒಂದೇ ಪ್ರಮಾಣದಲ್ಲಿ ಕೊಡುವನೆ? ಆದುದರಿಂದ ಅಧಿಕಾರಿಭೇದವು ಅವಶ್ಯವೆಂಬುದು ಈ ಪಕ್ಷ. ಇದು ತಳ್ಳಿಹಾಕತಕ್ಕ ಮಾತಲ್ಲ. ಮಕ್ಕಳ ಮಟ್ಟಿಗಂತೂ ಒಪ್ಪತಕ್ಕುದೇ ಸರಿ.

ಆದರೆ ಶಾಸ್ತ್ರದಲ್ಲಿ ಅಧಿಕಾರವೆಂಬ ಮಾತಿಗೆ ಒಂದು ಮರ್ಯಾದೆಯುಂಟು. ವ್ಯಾಕರಣವನ್ನು ಓದದವನಿಗೆ ಭಾಷ್ಯವನ್ನು ಹೇಳೆನೆಂದ ಗುರುವು, ವ್ಯಾಕರಣವನ್ನು ಓದಿ ಬಾ ಎಂದೂ ಹೇಳುತ್ತಾನೆ. ಅನಧಿಕಾರಿಯು ಅಧಿಕಾರಿಯಾಗುವ ದಾರಿಯನ್ನು ತೋರಿಸದೆ ಬಾಗಿಲನ್ನು ಮಾತ್ರ ಮುಚ್ಚಿದರೆ ಅದು ಅಧಿಕಾರಿಭೇದವಲ್ಲ, ಬಹಿಷ್ಕಾರ. ಈ ದೇಶದಲ್ಲಿಯೂ ಆ ಮಾತನ್ನು ಅನೇಕರನ್ನು ಹುಟ್ಟಿನಿಂದಲೇ ಹೊರಗಿಡುವುದಕ್ಕೆ ಬಳಸಿದುದುಂಟು. ಆದುದರಿಂದ ಫ್ರೆಂಚರನ್ನು ನೋಡಿ ನಗುವಂತಿಲ್ಲ.

ರಷ್ಯದ ಐಸೆನ್‌ಸ್ಟೈನನು 1925ರಲ್ಲಿ ನಿರ್ಮಿಸಿದ ‘ಯುದ್ಧನೌಕೆ ಪೊಟೆಮ್ಕಿನ್’ ಎಂಬ ಚಿತ್ರಕ್ಕೆ ಫ್ರಾನ್ಸಿನಲ್ಲಿ ಅನುಮತಿ ದೊರೆಯಲಿಲ್ಲ. ಆದರೆ ಸದಸ್ಯರಿಗೆ ಮಾತ್ರ ಖಾಸಗಿಯಾಗಿ ತೋರಿಸುವ ಚಿತ್ರಸಂಘಗಳಿಗೆ ಅನುಮತಿಪತ್ರದ ಅಗತ್ಯವಿರಲಿಲ್ಲ. ಪ್ಯಾರಿಸ್ ನಗರದ ವಿದ್ವಾಂಸರೂ ಕಲಾವಿದರೂ 1926ರಲ್ಲಿಯೇ ಅದನ್ನು ನೋಡಿ ಕೊಂಡಾಡಿದರು. ರಾಜ್ಯಕ್ಕೆ ಯಾವ ಕೇಡೂ ಆಗಲಿಲ್ಲ. ಕಮ್ಯೂನಿಸ್ಟ್ ವಿಮರ್ಶಕನಾದ ಲೆಯೋಂ ಮೂಸಿನಾಕನೂ ಅವನ ಗೆಳೆಯರೂ ‘ಸ್ಪಾರ್ಟಕಸ್ಸನ ಮಿತ್ರರು’ ಎಂಬ ಸಂಘವನ್ನು ಕಟ್ಟಿ, ಅದೇ ಖಾಸಗಿ ಪ್ರದರ್ಶನದ ನಿಯಮವನ್ನು ಹಿಡಿದು, 1928ರಲ್ಲಿ ಕೂಲಿಕಾರರಿಗೆ ಇಂತಹ ಚಿತ್ರಗಳನ್ನು ತೋರಿಸತೊಡಗಿದರು. ಸಾವಿರಾರು ಮಂದಿ ಸದಸ್ಯರಾದರು. ಆಗ ಪ್ಯಾರಿಸಿನ ಪೊಲೀಸ್ ಪ್ರಿಫೆಕ್ಟನಾದ ಜಾಂ ಶಿಯಾಪನು ಅದಕ್ಕೆ ಅಡ್ಡಬಂದನು. ಆ ವರ್ಷ ಮುಗಿಯುವುದರೊಳಗೆ ಸಂಘವು ನಿಂತುಹೋಯಿತು. ಚಿತ್ರವು ಅದೇ, ನಿಯಮವು ಅದೇ. ಬೇರೆಯಾದುದು ನೋಡುವವರ ಅಂಗಿಯ ಬಟ್ಟೆ. ಚಿತ್ರಕ್ಕೆ ಮುಂಚೆ ಉಪನ್ಯಾಸ, ಅನಂತರ ಚರ್ಚೆ, ಇದು ಅಂದಿನ ಚಿತ್ರಸಂಘಗಳಲ್ಲಿ ಬೆಳೆದಿದ್ದ ರೂಢಿ. ಅಂದರೆ ಅನಧಿಕಾರಿಯನ್ನು ಅಧಿಕಾರಿಯನ್ನಾಗಿ ಮಾಡುವ ಪಾಠಶಾಲೆಯನ್ನೇ ಮುಚ್ಚಿದಂತಾಯಿತು. ಬಡವನಿಗೆ ವಿವೇಚನೆಯಿಲ್ಲವೆಂದು ಹೇಳುವುದು, ವಿವೇಚನೆ ಬರುವ ಸ್ಥಳಕ್ಕೆ ಅವನನ್ನು ಬಿಡದಿರುವುದು: ಇವೆರಡನ್ನೂ ಒಬ್ಬನೇ ಮಾಡಿದಾಗ ಮೊದಲನೆಯ ಮಾತಿನ ಪ್ರಾಮಾಣಿಕತೆಯಲ್ಲಿ ಸಂದೇಹವುಂಟಾಗುತ್ತದೆ.

ಎರಡು ವರ್ಷಗಳ ತರುವಾಯ ಬೇರೊಂದು ಪರೀಕ್ಷೆ ಬಂದಿತು. ಲೂಯಿಸ್ ಬುನ್ಯುಯೆಲನ ‘ಸುವರ್ಣಯುಗ’ವೆಂಬ ಚಿತ್ರಕ್ಕೆ ಸರ್ಕಾರದ ಅನುಮತಿಯಿತ್ತು. ಅದು ಮತವನ್ನೂ ಗಣ್ಯರ ಸಮಾಜವನ್ನೂ ಹೀಯಾಳಿಸುವ ಚಿತ್ರ; ಅದನ್ನು ಮೆಚ್ಚಬೇಕೆಂದು ಯಾರನ್ನೂ ಒತ್ತಾಯಿಸಲಾಗದು. 1930ರ ಡಿಸೆಂಬರ್ 3ರ ರಾತ್ರಿ ಬಲಪಂಥದ ಸಂಘಗಳ ಜನರು ‘ಸ್ತೂದಿಯೊ 28’ ಎಂಬ ಚಿತ್ರಮಂದಿರಕ್ಕೆ ನುಗ್ಗಿ, ಪರದೆಯ ಮೇಲೆ ಮಸಿ ಎರಚಿ, ಹೊಗೆಯೆಬ್ಬಿಸಿ, ಮೊಗಸಾಲೆಯಲ್ಲಿದ್ದ ಚಿತ್ರಪಟಗಳನ್ನು ಹರಿದುಹಾಕಿದರು. ಒಂದು ವಾರ ಕಳೆಯುತ್ತಲೇ ಅದೇ ಪ್ರಿಫೆಕ್ಟನು ನಿಷೇಧಿಸಿದುದು ದೊಂಬಿಯನ್ನಲ್ಲ, ಚಿತ್ರವನ್ನು. ಆ ನಿಷೇಧವು 1981ರವರೆಗೆ ಉಳಿಯಿತು.

ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ಒಂದು ಕಥೆ ನೆನಪಾಗದಿರದು. ಪ್ರಪಂಚದ ಮೊದಲ ನಾಟಕವು ಇಂದ್ರನ ಧ್ವಜೋತ್ಸವದಲ್ಲಿ ನಡೆಯಿತು. ಅದರಲ್ಲಿ ತಮ್ಮ ಸೋಲನ್ನು ತೋರಿಸಿದರೆಂದು ಕೆರಳಿದ ದೈತ್ಯರು ನಟರ ಮಾತನ್ನೂ ಚಲನೆಯನ್ನೂ ಸ್ಮೃತಿಯನ್ನೂ ಸ್ತಂಭನಗೊಳಿಸಿದರು. ಬ್ರಹ್ಮನು ಆಟವನ್ನು ನಿಲ್ಲಿಸಲಿಲ್ಲ. ನಾಟ್ಯಗೃಹವನ್ನು ಕಟ್ಟಿಸಿದನು, ಅದರ ಕಂಬಕಂಬಕ್ಕೂ ದೇವತೆಗಳ ಕಾವಲಿಟ್ಟನು. ಅಷ್ಟಕ್ಕೇ ಮುಗಿಯಲಿಲ್ಲ; ದೈತ್ಯರನ್ನೂ ಕರೆದು ಅವರ ದೂರನ್ನು ಕೇಳಿ, ನಾಟ್ಯವು ಯಾರೊಬ್ಬರ ಪಕ್ಷವೂ ಅಲ್ಲ, ಮೂರು ಲೋಕಗಳ ಭಾವವನ್ನು ತೋರಿಸತಕ್ಕುದು ಎಂದು ಸಮಾಧಾನ ಹೇಳಿದನು. ನೊಂದವನ ಮಾತನ್ನು ಕೇಳುವುದು ಬೇರೆ, ಕಲ್ಲೆಸೆದವನ ಮಾತನ್ನು ನಡೆಸಿಕೊಡುವುದು ಬೇರೆ. ಪ್ಯಾರಿಸಿನಲ್ಲಿ ಅನುಮತಿ ಕೊಟ್ಟ ಸರ್ಕಾರವೇ ತನ್ನ ಮುದ್ರೆಯ ಪಕ್ಕದಲ್ಲಿ ನಿಲ್ಲಲಿಲ್ಲ.

ಅನುಮತಿಪತ್ರವು ಧರ್ಮಕ್ಕಾಗಿಯೇ ಇದ್ದಿತೆಂದು ಕೊನೆಯವರೆಗೆ ಹೇಳುವುದೂ ಕಷ್ಟ. ಮಂತ್ರಿ ಎರಿಯೊ 1928ರ ಫೆಬ್ರವರಿ 18ರಂದು ಹೊರಡಿಸಿದ ಆಜ್ಞೆಯು, ಪರಿಶೋಧಕ ಮಂಡಲಿಯು ರಾಷ್ಟ್ರದ ಆಚಾರ ಸಂಪ್ರದಾಯಗಳನ್ನು ಗಮನಿಸಬೇಕೆಂದಿತು. ಅದರೊಡನೆಯೇ ವಿದೇಶಗಳಲ್ಲಿ ಫ್ರೆಂಚ್ ಚಿತ್ರಗಳು ಮಾರಾಟವಾಗುವ ಸೌಕರ್ಯವನ್ನೂ ಗಮನಿಸಬೇಕೆಂದಿತು. ಆಗ ಅಲ್ಲಿಯ ಪರದೆಗಳ ಮೇಲೆ ಅಮೆರಿಕದ ಚಿತ್ರಗಳದೇ ಮೇಲುಗೈ. ಹಾಲಿವುಡ್ಡಿನ ಪರವಾಗಿ ವಿಲ್ ಹೇಸನು ಪ್ಯಾರಿಸಿಗೆ ಬಂದು ವಾದಿಸಿದನು. ಒಂದು ಫ್ರೆಂಚ್ ಚಿತ್ರಕ್ಕೆ ಏಳು ವಿದೇಶೀ ಚಿತ್ರಗಳೆಂಬ ಲೆಕ್ಕದಲ್ಲಿ ರಾಜಿಯಾಯಿತು. ಸ್ವದೇಶದ ಕಸುಬನ್ನು ಕಾಪಾಡುವುದು ತಪ್ಪಲ್ಲ. ಆದರೆ ಶೀಲದ ತಕ್ಕಡಿಯಲ್ಲಿಯೇ ಸುಂಕವನ್ನೂ ತೂಗಿದರೆ ಅದರ ಮುಳ್ಳನ್ನು ಯಾರು ನಂಬುವರು?

ಕಸುಬಾದರೂ ಉಳಿಯಿತೆ ಎಂದರೆ, ಗೋಮೋಂ ಸಂಸ್ಥೆಯು 1934ರಲ್ಲಿ ಕುಸಿಯಿತು. ಬೆರ್ನಾರ್ ನಾತಾಂ ನಡೆಸುತ್ತಿದ್ದ ಪಾಥೆ ಸಂಸ್ಥೆಯು 1936ರಲ್ಲಿ ದಿವಾಳಿಯಾಯಿತು. ದೃಶ್ಯದೃಶ್ಯವನ್ನೂ ಕಣ್ಣಿಟ್ಟು ನೋಡಿದ ರಾಜ್ಯವು ಲೆಕ್ಕದ ಪುಸ್ತಕಗಳ ಕಡೆಗೆ ಕಣ್ಣೆತ್ತಿದ್ದು ತಡವಾಗಿ. ವಿದ್ಯಾಮಂತ್ರಿ ಜಾಂ ಜೇ 1939ರ ಮಾರ್ಚಿಯಲ್ಲಿ ಉದ್ಯಮಕ್ಕೆ ಒಂದು ಸಮಗ್ರ ಮಸೂದೆಯನ್ನು ಮಂಡಿಸಿದನು. ಯುದ್ಧವು ಬಂದು ಅದು ಶಾಸನವಾಗಲಿಲ್ಲ.

ಈ ಎಲ್ಲ ಸಂಗತಿಗಳಲ್ಲಿ ಉಪಾಧ್ಯಾಯವರ್ಗದವರು ಹೆಚ್ಚಾಗಿ ಯೋಚಿಸತಕ್ಕುದು ಜಾಂ ವಿಗೋವಿನ ಒಂದು ಸಣ್ಣ ಚಿತ್ರದ ಗತಿ. ಅದರ ಹೆಸರು ‘ನಡತೆಗೆ ಸೊನ್ನೆ’. ಕಾಲ ಮುಕ್ಕಾಲು ಗಂಟೆಯಷ್ಟು. ಒಂದು ವಿದ್ಯಾರ್ಥಿನಿಲಯ, ಗಡ್ಡ ಬಿಟ್ಟ ಕುಳ್ಳ ಮುಖ್ಯೋಪಾಧ್ಯಾಯ, ಕದ್ದು ನೋಡುವ ಮೇಲ್ವಿಚಾರಕ, ಹುಡುಗರೊಡನೆ ಹುಡುಗನಾಗುವ ಇನ್ನೊಬ್ಬ ಮೇಲ್ವಿಚಾರಕ. ರಾತ್ರಿ ಹುಡುಗರು ದಿಂಬುಗಳನ್ನು ಹರಿದು ಗರಿಗಳನ್ನು ಹಿಮದಂತೆ ಹಾರಿಸುತ್ತಾರೆ; ಮರುದಿನ ಶಾಲೆಯ ಉತ್ಸವಕ್ಕೆ ಬಂದ ಗಣ್ಯರ ಮೇಲೆ ಮಾಡಿನಿಂದ ಹಳೆಯ ಸಾಮಾನುಗಳನ್ನು ಎಸೆಯುತ್ತಾರೆ. ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯನ್ನು ಒಂದು ವರ್ಷ ಮಾಡಿದ ಯಾವ ಉಪಾಧ್ಯಾಯನಿಗೂ ಇದರಲ್ಲಿ ಗೊತ್ತಿಲ್ಲದುದು ಏನೂ ಇಲ್ಲ. ಆದರೂ 1933ರಲ್ಲಿ ಈ ಚಿತ್ರಕ್ಕೆ ಸಾರ್ವಜನಿಕ ಪ್ರದರ್ಶನದ ಅನುಮತಿ ನಿರಾಕರಿಸಲ್ಪಟ್ಟಿತು. ಇಲ್ಲಿ ರಕ್ಷಿಸಲ್ಪಟ್ಟವರು ಮಕ್ಕಳೋ, ಮಕ್ಕಳ ಕಣ್ಣಿಗೆ ತಾವು ಹೇಗೆ ಕಾಣುತ್ತೇವೆಂಬುದನ್ನು ನೋಡಲೊಲ್ಲದ ಹಿರಿಯರೋ?

ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಬಿಡುಗಡೆಯಾದ ಮೇಲೆ ಆ ನಿಷೇಧವು ತೆಗೆಯಲ್ಪಟ್ಟು, ಜನರು ಟಿಕೆಟು ಕೊಂಡು ಚಿತ್ರವನ್ನು ನೋಡಿದರು. ವಿಗೋ 1934ರ ಅಕ್ಟೋಬರಿನಲ್ಲಿಯೇ ಕ್ಷಯರೋಗದಿಂದ ತೀರಿಕೊಂಡಿದ್ದನು. ಅವನಿಗೆ ಆಗ 29 ವರ್ಷ.