ಭಾನುವಾರ ಯಾರ ಗಳಿಕೆ?

ನಾಸಿಕ್‌ನ ಪಾಂಡವಲೇಣಿಯ ಹತ್ತನೆಯ ಗುಹೆಯಲ್ಲಿ ಸುಮಾರು 1,900 ವರ್ಷಗಳಷ್ಟು ಹಳೆಯ ದಾನಶಾಸನವೊಂದಿದೆ. ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ನೇಕಾರರ ಸಂಘದಲ್ಲಿ 2,000 ಕಾರ್ಷಾಪಣ ನಾಣ್ಯಗಳನ್ನು ಠೇವಣಿ ಇಟ್ಟ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ವರ್ಷಕ್ಕೆ ಬರುವ 240 ನಾಣ್ಯಗಳಲ್ಲಿ, ಮಳೆಗಾಲವನ್ನು ಗುಹೆಯಲ್ಲಿ ಕಳೆಯುವ 20 ಭಿಕ್ಷುಗಳಿಗೆ ತಲಾ 12, ಬಟ್ಟೆಗಾಗಿ. ಲೆಕ್ಕ ಪಕ್ಕಾ.

ಶಾಸನದಲ್ಲಿ ದಾನಿಯ ಹೆಸರಿದೆ. ಬಡ್ಡಿ ಹುಟ್ಟಿದ್ದು ಮಾತ್ರ ಮಗ್ಗದ ಮುಂದೆ ಕೂತವರ ದುಡಿಮೆಯಿಂದ. ಅವರಿಗೂ ಮಳೆಗಾಲದಲ್ಲಿ ಬಿಡುವಿತ್ತೇ? ಕಲ್ಲು ಅದನ್ನು ಹೇಳುವುದಿಲ್ಲ.

ಬಿಡುವು ತಪ್ಪಲ್ಲ. ಧ್ಯಾನ, ಚಿತ್ರ, ಓದು ಎಲ್ಲವೂ ಅದರಲ್ಲೇ ಹುಟ್ಟಿದ್ದು. ಅದನ್ನು ಕೆಲವರೇ ಇಟ್ಟುಕೊಂಡಾಗ ತಪ್ಪು ಶುರುವಾಗುತ್ತದೆ.

ಹೊಲದ ಕೆಲಸಕ್ಕೆ ಸುಗ್ಗಿ, ಜಾತ್ರೆಗಳ ಲಯವಿತ್ತು. ಮುಂಬೈ ಗಿರಣಿಗಳು ಬಂದ ಮೇಲೆ ಅದೂ ಹೋಯಿತು. ಬೆಳಗಿನಿಂದ ಕತ್ತಲಾಗುವತನಕ ದುಡಿಮೆ, ವಾರದ ರಜೆ ಇಲ್ಲ. ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾರ್ಮಿಕರ ಸಹಿ ಹಾಕಿಸಿ ಮನವಿ ಕೊಟ್ಟರು. ಭಾನುವಾರ ಖಂಡೋಬನ ವಾರ, ಅಂದು ಬಿಡುವು ಬೇಕು ಎಂಬುದು ಅವರ ವಾದ. ಖಂಡೋಬ ಎಂದರೆ ನಮ್ಮ ಮೈಲಾರ. 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ಆಮೇಲೆ ಕಾನೂನು ವಾರದ ದುಡಿಮೆಯನ್ನು 1922ರಲ್ಲಿ 60 ಗಂಟೆಗೆ, 1934ರಲ್ಲಿ 54ಕ್ಕೆ, 1946ರಲ್ಲಿ 48ಕ್ಕೆ ಇಳಿಸಿತು. ಈಗ ದಾರಿ ಹಿಂದಕ್ಕೆ ತಿರುಗಿದೆ. ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು 2023ರಲ್ಲಿ ಕರ್ನಾಟಕ ಕಾನೂನು ತಿದ್ದಿತು. 2025ರಲ್ಲಿ ಮಹಾರಾಷ್ಟ್ರದ ಸಂಪುಟವೂ ಅದಕ್ಕೆ ಒಪ್ಪಿತು.

ಛತ್ರಪತಿ ಸಂಭಾಜಿನಗರದ ಸಾತಾರಾದಲ್ಲಿ ಖಂಡೋಬನ ಹಳೆಯ ಗುಡಿಯಿದೆ. ಅದೇ ಊರಿನಲ್ಲಿ, ಖಂಡೋಬನ ವಾರದ ಮಧ್ಯಾಹ್ನ, ಫ್ಲಾಟಿನಲ್ಲಿ ಕಾಲು ಚಾಚಿ ಕೂತು ನಾವು ಬಿರಿಯಾನಿ ಆರ್ಡರ್ ಮಾಡುತ್ತೇವೆ. ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತ ನಿಲ್ಲುವ ಹುಡುಗನಿಗೆ ವಾರದಲ್ಲಿ ಅತಿ ಹೆಚ್ಚು ಕೆಲಸ ಇರುವುದು ಅಂದೇ. ಕಂಪನಿಯ ಲೆಕ್ಕದಲ್ಲಿ ಅವನು ನೌಕರನಲ್ಲ, 'ಪಾಲುದಾರ'. ಹಾಗಾಗಿ 48ರ ಮಿತಿ ಅವನಿಗೆ ತಾಗುವುದಿಲ್ಲ.

ಆರ್ಡರ್ ನಿಲ್ಲಿಸಿದರೆ ಅವನ ಅಂದಿನ ಕೂಲಿ ಹೋಗುತ್ತದೆ, ಅಷ್ಟೇ. ಐದು ನಕ್ಷತ್ರ ಒತ್ತಿದರೆ ನಮ್ಮ ಮನಸ್ಸಿಗೆ ಸಮಾಧಾನ, ಅಷ್ಟೇ. ಲೋಖಂಡೆ ಮಗ್ಗದ ಮುಂದೆ ನಿಂತವರಲ್ಲ, ಗಿರಣಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಓದುಬರಹ ಬಲ್ಲವರು, ಹೆಚ್ಚುಕಡಿಮೆ ನಮ್ಮಂಥವರು. ಆದರೂ ರಜೆಯನ್ನು ಎಲ್ಲರಿಗಾಗಿ ಕೇಳಿದರು. ನಾವು 70 ಗಂಟೆಯ ಮಾತು ಬಂದಾಗ ಸಿಟ್ಟಾಗುತ್ತೇವೆ, ಆದರೆ ನಮ್ಮ ಗಂಟೆಗಳಿಗೆ ಮಾತ್ರ. ನಾವು ಅನುಭವಿಸುವ ಭಾನುವಾರ ಹಾಗೆ ಕೇಳಿದ್ದರಿಂದ ಸಿಕ್ಕಿದ್ದಲ್ಲ.