ರಸಾಸ್ವಾದವೂ ಋಣವೂ

ಒಬ್ಬನೇ ನಿರ್ದೇಶಕನ ಚಿತ್ರಗಳನ್ನು ವರ್ಷವಿಡೀ ನೋಡುವುದು ಉಪಾಸನೆಯೋ, ವ್ಯಸನವೋ? ಜಪಾನಿನ ಯಾಸುಜಿರೋ ಓಜುವಿನ (1903–1963) ಕೃತಿಗಳಲ್ಲಿ ಮುಳುಗಿದವನಿಗೆ ಈ ಪ್ರಶ್ನೆ ತಪ್ಪದು. ಚಾಪೆಯ ಮೇಲೆ ಕುಳಿತವನ ದೃಷ್ಟಿಗಿಂತಲೂ ತಗ್ಗಿನಲ್ಲಿ ಕ್ಯಾಮರಾವನ್ನಿರಿಸಿ, ಆತನು ಗೃಹಸ್ಥರ ಬಾಳನ್ನೇ ಮರಳಿ ಮರಳಿ ಚಿತ್ರಿಸಿದನು. 1953ರ ‘ಟೋಕಿಯೋ ಸ್ಟೋರಿ’ಯಲ್ಲಿ ಮಕ್ಕಳು ತಮಗೆ ಬಿಡುವಿಲ್ಲವೆಂದು ವೃದ್ಧ ತಾಯಿತಂದೆಗಳನ್ನು ಅತಾಮಿಯ ಬಿಸಿನೀರಿನ ಬುಗ್ಗೆಗೆ ಸಾಗಹಾಕುತ್ತಾರೆ. ಅವರು ದುಷ್ಟರಲ್ಲ, ಕೆಲಸವುಳ್ಳವರು, ಅಷ್ಟೆ. ಒಂದು ದಿನದ ರಜೆ ಪಡೆದು ಆ ವೃದ್ಧರಿಗೆ ಊರು ತೋರಿಸುವವಳು ವಿಧವೆಯಾದ ಸೊಸೆ. ಇದನ್ನು ಕಂಡು ಪ್ರೇಕ್ಷಕನು ಕಣ್ಣೀರಿಡುವನು. ಅದೇ ಗಳಿಗೆಯಲ್ಲಿ ಪಕ್ಕದ ಕೋಣೆಯಿಂದ ತನ್ನ ತಾಯಿ ಕರೆದಾಗ ರಸಭಂಗವಾಯಿತೆಂದು ಹುಬ್ಬು ಗಂಟಿಕ್ಕುವನಾದರೆ, ಅವನೂ ಆ ಮಕ್ಕಳಲ್ಲೊಬ್ಬನೇ. ಆಲಂಕಾರಿಕರು ರಸಾಸ್ವಾದವನ್ನು ಬ್ರಹ್ಮಾಸ್ವಾದಸಹೋದರವೆಂದರು, ಋಣವಿಮೋಚನೆಯೆಂದು ಹೇಳಲಿಲ್ಲ. ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿ ಆ ಕರೆಗೆ ಓಗೊಡಬಲ್ಲವನ ನೋಟ ಮಾತ್ರವೇ ಉಪಾಸನೆಯೆನಿಸುವುದು.